‘ಸ್ವಲ್ಪ ನೋಡ್ಕೋ’ ಅಂದರೆ ಏನು ನೋಡಬೇಕು ಅಂತ ಪೂರ್ತಿ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ತುಮಕೂರಿನ ಕಾರ್ಖಾನೆಗಳಿಗೆ ಕೆಲಸ ಗೊತ್ತಿರುವ ಹುಡುಗರು ಸಿಗುತ್ತಿಲ್ಲ ಎಂಬ ಮಾತನ್ನು ನಾನು ದಿನಾ ಕೇಳುತ್ತೇನೆ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಈಗ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕಂಪನಿ ಬಸ್ಸಿನಲ್ಲಿ, ಕ್ಯಾಂಟೀನ್‌ನಲ್ಲಿ, ಮೀಟಿಂಗ್‌ನಲ್ಲಿ ಇದೇ ಮಾತು. ಐಟಿಐ ಮುಗಿಸಿದವನಿಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಓದೋಕೆ ಬರಲ್ಲ, ಬಂದವನು ಮೂರು ತಿಂಗಳು ನಿಲ್ಲಲ್ಲ ಅಂತ. ಇದೇ ಮಾತು ಕೇಳಿಕೊಂಡು ಸಂಜೆ ಮನೆಗೆ ಬಂದರೆ, ಐಟಿಐನಲ್ಲಿ ಟರ್ನರ್ (ಲೇತ್ ಮೆಷಿನ್‌ನಲ್ಲಿ ಲೋಹ ಕಡೆಯುವ ಕೆಲಸ) ಮುಗಿಸಿ, ವರ್ನಿಯರ್, ಮೈಕ್ರೋಮೀಟರ್ ಎರಡೂ ಚೆನ್ನಾಗಿ ಬರುವ ನನ್ನ ತಮ್ಮ ಕೆಲಸವಿಲ್ಲದೆ ಕೂತಿರುತ್ತಿದ್ದ. ಒಂದೆರಡು ತಿಂಗಳಲ್ಲ, ಎರಡೂವರೆ ವರ್ಷ. ಅವನಿಗೆ ಆಟಿಸಂ ಇದೆ, ಅಂದರೆ ಮೆದುಳು ಬೆಳೆದ ರೀತಿಯೇ ಬೇರೆ.

ಆ ಎರಡೂವರೆ ವರ್ಷದಲ್ಲಿ ಅವನು ಏಳು ಇಂಟರ್‌ವ್ಯೂಗೆ ಹೋದ. ಮೂರಕ್ಕೆ ನಾನೇ ರಜೆ ಹಾಕಿ ಜೊತೆಗೆ ಹೋಗಿದ್ದೆ. ಒಂದು ಉದ್ಯೋಗ ಮೇಳದಲ್ಲಿ ನಡೆದದ್ದು ಇವತ್ತಿಗೂ ಕಣ್ಣ ಮುಂದಿದೆ. ಶಾಮಿಯಾನ, ಮೈಕು, ಸಾವಿರಾರು ಜನ, ಬಿಸಿಲು. ಒಂದು ಕಂಪನಿಯ ಟೇಬಲ್ ಮುಂದೆ ಅವನ ಸರದಿ ಬಂತು. ಅಲ್ಲಿ ಕೂತಿದ್ದವರು ಅವನ ಮಾರ್ಕ್ಸ್ ಕಾರ್ಡ್ ನೋಡಿ ತಲೆಯಾಡಿಸಿದರು, ಮಾರ್ಕ್ಸ್ ಚೆನ್ನಾಗೇ ಇತ್ತು. ಆಮೇಲೆ ‘ನಿನ್ನ ಬಗ್ಗೆ ಹೇಳಪ್ಪ’ ಅಂದರು. ತಮ್ಮ ‘ಯಾವುದರ ಬಗ್ಗೆ ಸಾರ್?’ ಅಂತ ಕೇಳಿದ. ಅವನು ನಿಜವಾಗಿಯೂ ಕೇಳಿದ್ದು, ಏಕೆಂದರೆ ತನ್ನ ಬಗ್ಗೆ ಅಂದರೆ ಓದಿನ ಬಗ್ಗೆಯೋ, ಮನೆಯ ಬಗ್ಗೆಯೋ, ಆರೋಗ್ಯದ ಬಗ್ಗೆಯೋ ಅವನಿಗೆ ಗೊತ್ತಾಗಲಿಲ್ಲ. ಅವರಿಗೆ ಅದು ಎದುರುತ್ತರದ ಹಾಗೆ ಕೇಳಿಸಿತು. ‘ಮುಖ ನೋಡಿ ಮಾತಾಡಪ್ಪ, ಟೇಬಲ್ ಏನ್ ನೋಡ್ತೀಯ’ ಅಂದರು. ಮೂರು ನಿಮಿಷವೂ ಆಗಿರಲಿಲ್ಲ, ‘ಫೋನ್ ಮಾಡ್ತೀವಿ’ ಅಂತ ಕಳಿಸಿಬಿಟ್ಟರು. ಫೋನ್ ಬರಲಿಲ್ಲ. ಅದೇ ಟೇಬಲ್ ಮೇಲೆ ಅವರು ತಯಾರಿಸುವ ಬುಷ್‌ಗಳನ್ನು ಜೋಡಿಸಿಟ್ಟಿದ್ದರು, ಪಕ್ಕದಲ್ಲೇ ಒಂದು ವರ್ನಿಯರ್ ಇತ್ತು. ಒಂದು ಬುಷ್ ಕೈಗೆ ಕೊಟ್ಟು ‘ಅಳೆದು ಹೇಳು’ ಅಂತ ಒಬ್ಬರೂ ಹೇಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವನ ಮೇಲೇ ಸಿಟ್ಟು ಮಾಡಿಕೊಂಡೆ. ಎಷ್ಟು ಸಲ ಹೇಳಿದೀನಿ, ಮುಖ ನೋಡಿ ಮಾತಾಡು ಅಂತ. ಅವನು ಕಿಟಕಿ ಕಡೆ ತಿರುಗಿಕೊಂಡು ಹೇಳಿದ, ‘ಮುಖ ನೋಡಿದ್ರೆ ಮಾತು ಕೇಳಿಸಲ್ಲ ಅಕ್ಕಾ’. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಬೆಳೆದು, ಆಮೇಲೆ ಡಾಕ್ಟರ್ ಹತ್ತಿರವೂ ಕರೆದುಕೊಂಡು ಹೋಗಿ ಬಂದಿದ್ದ ನನಗೇ ಈ ವಿಷಯ ಅವತ್ತಿನವರೆಗೆ ಗೊತ್ತಿರಲಿಲ್ಲ, ನಾನು ಕೇಳಿರಲೂ ಇಲ್ಲ.

ಆಟಿಸಂ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಅವನಿಗೆ 19 ವರ್ಷ ಆದಮೇಲೆ. ಚಿಕ್ಕವನಿದ್ದಾಗ ಮಾತು ತಡವಾಯಿತು. ‘ತಡವಾಗಿ ಮಾತಾಡೋ ಮಕ್ಕಳು ಬುದ್ಧಿವಂತರಾಗ್ತಾರೆ ಬಿಡಿ’ ಅಂದರು ಅಕ್ಕಪಕ್ಕದವರು. ಅಮ್ಮ ಹರಕೆ ಹೊತ್ತರು, ದೇವರಾಯನದುರ್ಗದ ಬೆಟ್ಟ ಹತ್ತಿದರು. ಶಾಲೆಯಲ್ಲಿ ಮೊಂಡ ಅಂದರು, ಕೆಲವರು ಮಂಕ ಅಂದರು, ಒಬ್ಬ ಮೇಷ್ಟ್ರು ಮಾತ್ರ ‘ಇವನಿಗೆ ಒಂದೊಂದೇ ಹೇಳಿ, ಮಾಡ್ತಾನೆ’ ಅಂದಿದ್ದರು. ಐಟಿಐನಲ್ಲಿದ್ದಾಗ ಒಂದು ದಿನ ವರ್ಕ್‌ಶಾಪಿನಲ್ಲಿ ಗಲಾಟೆ ಜಾಸ್ತಿಯಾಗಿ ಕಿವಿ ಮುಚ್ಚಿಕೊಂಡು ಕೂತುಬಿಟ್ಟ, ಎಬ್ಬಿಸಿದರೂ ಏಳಲಿಲ್ಲ. ಆಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ, ನಿಮ್ಹಾನ್ಸ್‌ಗೆ. ಅಲ್ಲಿ ಡಾಕ್ಟರು ಅಮ್ಮನಿಗೆ ಮೊದಲು ಹೇಳಿದ್ದು, ಇದು ಸಾಕಿದ ರೀತಿಯಿಂದ ಬರುವುದಲ್ಲ ತಾಯಿ, ನೀವು ಏನೂ ತಪ್ಪು ಮಾಡಿಲ್ಲ ಅಂತ. ಅಮ್ಮ ಅಲ್ಲೇ ಅತ್ತುಬಿಟ್ಟರು. ಹತ್ತೊಂಬತ್ತು ವರ್ಷ ಅವರು ತಮ್ಮನ್ನೇ ಬೈದುಕೊಂಡಿದ್ದರು.

ಇದು ಹೊಸ ಕಾಯಿಲೆ ಏನಲ್ಲ, ಮೊಬೈಲ್ ನೋಡಿ ಬಂದದ್ದೂ ಅಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. 1943ರಲ್ಲೇ ಲಿಯೋ ಕ್ಯಾನರ್ ಎಂಬ ಡಾಕ್ಟರು ಅಮೆರಿಕದಲ್ಲಿ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಮೆದುಳು ಬೆಳೆಯುವ ರೀತಿಯೇ ಕೆಲವರಲ್ಲಿ ಬೇರೆ ಇರುತ್ತದೆ. ಆಟಿಸಂ, ಅಕ್ಷರ ಕಲೆಸಿಹೋಗುವ ಡಿಸ್ಲೆಕ್ಸಿಯಾ, ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ, ಇವೆಲ್ಲ ಆ ಥರದವು. ಇವನ್ನೆಲ್ಲ ಸೇರಿಸಿ ನೋಡುವುದಕ್ಕೆ 1990ರ ದಶಕದಲ್ಲಿ ನ್ಯೂರೋಡೈವರ್ಸಿಟಿ ಎಂಬ ಪದ ಬಂತು, ಕನ್ನಡದಲ್ಲಿ ನರವೈವಿಧ್ಯ ಅನ್ನುತ್ತಾರೆ. ಊರಲ್ಲಿ ಎಲ್ಲರ ಮುಖ ಬೇರೆ ಬೇರೆ ಇದ್ದಹಾಗೆ ಎಲ್ಲರ ತಲೆ ಓಡುವ ರೀತಿಯೂ ಬೇರೆ ಬೇರೆ ಅಂತ ನಾನು ಅಮ್ಮನಿಗೆ ಹೇಳಿದ್ದೆ, ಅವರಿಗೆ ಅಷ್ಟು ಸಾಕಾಯಿತು.

ಎಷ್ಟು ಜನ ಇರಬಹುದು ಅಂತ ಒಂದು ದಿನ ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 26.8 ಲಕ್ಷ. ಭಾಗಿಸಿ ನೋಡಿದರೆ 21,000ದಷ್ಟು ಬರುತ್ತದೆ. ಇದು ಕೂತು ಮಾಡಿದ ಅಂದಾಜು, ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಆ ಜನಗಣತಿಯಲ್ಲಿ ಆಟಿಸಂ ಅಂತ ಬೇರೆ ಕಾಲಮ್ಮೇ ಇರಲಿಲ್ಲ. ಆದರೂ ಪಾವಗಡದಿಂದ ಕುಣಿಗಲ್‌ವರೆಗೆ, ತಿಪಟೂರಿನಿಂದ ಕೊರಟಗೆರೆವರೆಗೆ ಹತ್ತು ತಾಲ್ಲೂಕಿನಲ್ಲಿ ಅಷ್ಟು ಜನ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಯೋಚನೆ ಬರುತ್ತದೆ ಅಲ್ವಾ? ತೆಂಗಿನ ತೋಟದಲ್ಲಿ, ದನ ಕಾಯುತ್ತಾ, ಮನೆಯ ಹಿಂದಿನ ಕೋಣೆಯಲ್ಲಿ, ಇಲ್ಲಾ ನಮ್ಮ ಪಕ್ಕದ ಮೆಷಿನ್‌ನಲ್ಲೇ ಬೈಸಿಕೊಳ್ಳುತ್ತಾ ಇದ್ದಾರೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನು ಹೇಳದೆ ಬೇರೆಯವರ ಕಡೆ ಬೆರಳು ತೋರಿಸಿದರೆ ಸರಿಯಾಗುವುದಿಲ್ಲ. ಏಳು ವರ್ಷದ ಹಿಂದೆ, ನಾನು ಆಗಷ್ಟೇ ಪ್ಯಾಕಿಂಗ್ ಲೈನಿನ ಇನ್‌ಚಾರ್ಜ್ ಆಗಿದ್ದೆ, ಕೊರಟಗೆರೆ ಕಡೆಯ ಒಂದು ಹುಡುಗಿ ಕೆಲಸಕ್ಕೆ ಬಂದಳು. ಡಬ್ಬಗಳನ್ನು ಜೋಡಿಸಿದರೆ ಲೇಬಲ್ ಎಲ್ಲ ಒಂದೇ ಕಡೆ ಇರುತ್ತಿತ್ತು, ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಆದರೆ ಟೀ ಬಿಡುವಿಗೆ, ಊಟಕ್ಕೆ, ಶಿಫ್ಟ್ ಮುಗಿಯುವಾಗ ಬಜರ್ ಹೊಡೆಯುತ್ತದಲ್ಲ, ಆಗ ಅವಳು ಕಿವಿ ಮುಚ್ಚಿಕೊಂಡು ಡಬ್ಬಗಳ ಹಿಂದೆ ಹೋಗಿ ಕೂತುಬಿಡುತ್ತಿದ್ದಳು. ಹತ್ತು ನಿಮಿಷ ಯಾರ ಮಾತೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ‘ಅಕ್ಕಾ, ಬಜರ್ ತುಂಬಾ ಜೋರು’ ಅಂತ ಮೂರು ಸಲ ನನ್ನ ಹತ್ತಿರ ಬಂದು ಹೇಳಿದಳು. ಎಲ್ಲರೂ ಕೇಳಿಸಿಕೊಳ್ಳೋದೇ ಅಲ್ವಾ, ಅಭ್ಯಾಸ ಆಗುತ್ತೆ ಅಂದೆ ನಾನು. ಮಿಕ್ಕವರು ನಗುತ್ತಿದ್ದರು, ನಾನು ತಡೆಯಲಿಲ್ಲ. 20 ದಿನಕ್ಕೆ ಅವಳ ಬಗ್ಗೆ ಅಭಿಪ್ರಾಯ ಬರೆದು ಕೊಡಿ ಅಂದಾಗ ‘ಲೈನ್ ಕೆಲಸಕ್ಕೆ ಹೊಂದಿಕೊಳ್ಳುವುದಿಲ್ಲ’ ಅಂತ ಬರೆದೆ. ಮರುದಿನದಿಂದ ಅವಳು ಬರಲಿಲ್ಲ. ಅವಳಿಗೆ ಆಟಿಸಂ ಇತ್ತೋ ಇಲ್ಲವೋ ಹೇಳುವುದಕ್ಕೆ ನಾನು ಡಾಕ್ಟರ್ ಅಲ್ಲ. ಆದರೆ ಏನು ಕಷ್ಟ ಅಂತ ಅವಳೇ ಬಾಯಿಬಿಟ್ಟು ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ. ಮುಂದಿನ ವರ್ಷ ನನ್ನ ತಮ್ಮ ವರ್ಕ್‌ಶಾಪಿನಲ್ಲಿ ಹಾಗೇ ಕಿವಿ ಮುಚ್ಚಿಕೊಂಡು ಕೂತದ್ದನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವಳೇ.

ತಮ್ಮನಿಗೆ ಕೊನೆಗೂ ಕೆಲಸ ಸಿಕ್ಕಿತು. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ 14 ಜನ ಕೆಲಸ ಮಾಡುವ ಒಂದು ಸಣ್ಣ ಲೇತ್ ವರ್ಕ್‌ಶಾಪ್. ಅಲ್ಲಿನ ಯಜಮಾನರಿಗೆ ಆಟಿಸಂ ಅಂದರೆ ಏನು ಅಂತ ಗೊತ್ತಿರಲಿಲ್ಲ, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ನಾನು ವಿಷಯ ಎಲ್ಲ ಹೇಳಿದೆ. ಅವರು ‘ಅದೆಲ್ಲ ಇರಲಿ ಕಣಮ್ಮ, ನಾಳೆ ಬಂದು ಒಂದು ಜಾಬ್ ಮಾಡಿ ತೋರಿಸಲಿ’ ಅಂದರು. ಲೇತ್‌ನಲ್ಲಿ ಮಾಡುವ ಪೀಸಿಗೆ ಜಾಬ್ ಅನ್ನುತ್ತಾರೆ. ಮರುದಿನ ಡ್ರಾಯಿಂಗ್ ಕೈಗೆ ಕೊಟ್ಟು ಹತ್ತಿರ ಯಾರೂ ನಿಲ್ಲದ ಹಾಗೆ ನೋಡಿಕೊಂಡರು. ಒಂದೂವರೆ ಗಂಟೆ ಆಯಿತು, ಬೇರೆಯವರಿಗಿಂತ ಜಾಸ್ತಿ ಹೊತ್ತೇ. ಆಮೇಲೆ ಅಳೆದು ನೋಡಿ ‘ಸೋಮವಾರದಿಂದ ಬಾರಪ್ಪ’ ಅಂದರು. ಅಷ್ಟೇ ಇಂಟರ್‌ವ್ಯೂ. ಕೆಲಸಕ್ಕೆ ಬೇಕಾದದ್ದು ಕೆಲಸ, ಅದನ್ನೇ ಪರೀಕ್ಷೆ ಮಾಡಿದರು. ಲೇತ್ ಮುಂದೆ ನಿಲ್ಲುವವನು ಅಪರಿಚಿತರ ಮುಂದೆ ಚಟಪಟ ಮಾತಾಡಬೇಕು ಅಂತ ಯಾವ ಡ್ರಾಯಿಂಗ್‌ನಲ್ಲೂ ಬರೆದಿರುವುದಿಲ್ಲ.

ಮೊದಲ ಎರಡು ತಿಂಗಳು ಸುಲಭ ಇರಲಿಲ್ಲ. ಇದನ್ನೂ ಹೇಳಬೇಕು, ಯಾಕೆಂದರೆ ಕೆಲಸ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದರೆ ಸುಳ್ಳಾಗುತ್ತದೆ. ಒಂದು ದಿನ ಮೇಸ್ತ್ರಿ ಟೀ ಕುಡಿಯಲು ಹೋಗುವಾಗ ‘ಮೆಷಿನ್ ಸ್ವಲ್ಪ ನೋಡ್ಕೋ’ ಅಂದರು. ತಮ್ಮ ನೋಡಿದ. ಟೂಲನ್ನು ತಣ್ಣಗಿಡುವ ಕೂಲಂಟ್ ದ್ರವ ನಿಂತುಹೋಯಿತು, ಟೂಲ್ ಬಿಸಿಯಾಗಿ ಹೊಗೆ ಬಂತು, ಅವನು ನೋಡುತ್ತಲೇ ನಿಂತಿದ್ದ. ಟೂಲ್ ಹೋಯಿತು, ಜಾಬ್ ಹೋಯಿತು. ಮೇಸ್ತ್ರಿ ಬಂದು ಕೂಗಾಡಿದರು. ‘ನೋಡ್ಕೋ ಅಂದ್ರಿ, ನೋಡಿದೆ’ ಅಂದ. ಅಲ್ಲಿದ್ದವರಿಗೆಲ್ಲ ಇವನು ಬೇಕಂತಲೇ ಹೀಗೆ ಮಾಡಿದ ಅನ್ನಿಸಿತು. ಅವತ್ತು ರಾತ್ರಿ ಊಟ ಮಾಡಲಿಲ್ಲ, ಮರುದಿನ ಕೆಲಸಕ್ಕೆ ಹೋಗಲ್ಲ ಅಂದ.

ನಾನು ಯಜಮಾನರಿಗೆ ಫೋನ್ ಮಾಡಿ, ಅವನಿಗೆ ಪೂರ್ತಿ ಹೇಳಬೇಕು ಸಾರ್, ಮಿಕ್ಕಿದ್ದನ್ನು ಅವನು ಊಹೆ ಮಾಡಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದರು, ‘ನಾವು ಕೆಲಸ ಹೇಳೋದೇ ಅರ್ಧ ಮಾತಲ್ಲಿ ಕಣಮ್ಮ’ ಅಂತ.

ಈ ಮಾತು ನನ್ನ ತಲೆಯಿಂದ ಹೋಗಿಲ್ಲ. ಯೋಚನೆ ಮಾಡಿ ನೋಡಿ, ನಮ್ಮ ಕಡೆ ಯಾವ ಕೆಲಸವನ್ನು ಪೂರ್ತಿ ಹೇಳುತ್ತೇವೆ? ಅದನ್ನ ಒಂಚೂರು ಸರಿ ಮಾಡು. ಆಮೇಲೆ ಕೊಡು. ನಿನ್ನೆ ಥರಾನೇ ಮಾಡು. ಬೇಗ ಮುಗಿಸು. ಹಂಗೇ ಅಲ್ಲೊಂದು ಕಣ್ಣಿಟ್ಟಿರು. ಒಂಚೂರು ಅಂದರೆ ಎಷ್ಟು, ಆಮೇಲೆ ಅಂದರೆ ಎಷ್ಟು ಗಂಟೆಗೆ, ಕಣ್ಣಿಟ್ಟರೆ ಏನಾದಾಗ ಏನು ಮಾಡಬೇಕು, ಒಂದನ್ನೂ ಹೇಳುವುದಿಲ್ಲ. ಮುಖ ನೋಡಿ, ದನಿ ನೋಡಿ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಅರ್ಥ ಆಗದವನನ್ನು ದಡ್ಡ ಅಂತಲೋ ಅಹಂಕಾರಿ ಅಂತಲೋ ಅಂದುಬಿಡುತ್ತೇವೆ. ನನ್ನ ತಮ್ಮನಿಗೆ ಕಷ್ಟ ಇರುವುದು ಈ ಅರ್ಧ ಮಾತಿನಲ್ಲಿ, ಲೇತ್‌ನಲ್ಲಿ ಅಲ್ಲ.

ಯಜಮಾನರು ಮಾಡಿದ ಬದಲಾವಣೆಗಳನ್ನು ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಮೆಷಿನ್ ಪಕ್ಕ ಒಂದು ಹಲಗೆ ಹಾಕಿಸಿದರು. ಅದರಲ್ಲಿ ಅವತ್ತಿನ ಕೆಲಸ, ಎಷ್ಟು ಪೀಸು, ಎಷ್ಟು ಹೊತ್ತಿಗೆ, ಬರೆದಿರುತ್ತದೆ. ಕೂಲಂಟ್ ಟ್ಯಾಂಕಿಗೆ ಕೆಂಪು ಗೆರೆ ಎಳೆದು ‘ಇದಕ್ಕಿಂತ ಕೆಳಗೆ ಬಂದರೆ ಮೆಷಿನ್ ನಿಲ್ಲಿಸು, ತುಂಬು, ಮತ್ತೆ ಚಾಲು ಮಾಡು’ ಅಂತ ಬರೆಸಿದರು. ಹೊಗೆ ಬಂದರೆ, ಸದ್ದು ಬದಲಾದರೆ ಏನು ಮಾಡಬೇಕು ಅಂತಲೂ ಬರೆದಿದೆ. ಗ್ರೈಂಡಿಂಗ್ ಮೆಷಿನ್‌ನಿಂದ ದೂರದ ಮೂಲೆಯ ಲೇತ್ ಅವನಿಗೆ ಕೊಟ್ಟರು, ಐನೂರು ರೂಪಾಯಿಯ ಒಂದು ಇಯರ್ ಮಫ್ ತಂದರು. ನೆತ್ತಿಯ ಮೇಲೆ ಮಿಣಮಿಣ ಅನ್ನುತ್ತಿದ್ದ ಟ್ಯೂಬ್‌ಲೈಟ್ ತೆಗೆಸಿದರು, ಬೇರೆಯವರಿಗೆ ಅದು ಕಾಣಿಸುತ್ತಲೂ ಇರಲಿಲ್ಲ, ಇವನಿಗೆ ದಿನವಿಡೀ ತಲೆನೋವು ಬರುತ್ತಿತ್ತು. ಶಿಫ್ಟ್ ಬದಲಾಗುವುದಿದ್ದರೆ ಹಿಂದಿನ ದಿನವೇ ಹೇಳುತ್ತಾರೆ. ಕರೆಂಟ್ ಹೋಗುವುದನ್ನು ಯಾರು ಮೊದಲೇ ಹೇಳೋಕೆ ಆಗುತ್ತೆ, ಅದಕ್ಕೂ ಒಂದು ಸಾಲು ಬರೆದಿದೆ: ಕರೆಂಟ್ ಹೋದರೆ ಮೆಷಿನ್ ಸ್ವಿಚ್ ಆಫ್ ಮಾಡಿ, ಮುಗಿದ ಪೀಸುಗಳ ಬರ್ (ಅಂಚಿನಲ್ಲಿ ಉಳಿದ ಒರಟು ಚೂರು) ತೆಗೆಯುವುದು. ಮೊದಲು ಕರೆಂಟ್ ಹೋದರೆ ಅವನು ಕೈಕಾಲು ಆಡದೆ ಮೆಷಿನ್ ಮುಂದೆ ನಿಂತೇ ಇರುತ್ತಿದ್ದ, ಗಂಟೆಗಟ್ಟಲೆ.

ಟೀ ಹೊತ್ತಿನಲ್ಲಿ ಅವನು ಎಲ್ಲರ ಜೊತೆ ಕೂರುವುದಿಲ್ಲ, ಒಬ್ಬನೇ ಹಿಂದಿನ ಬೇವಿನ ಮರದ ಹತ್ತಿರ ನಿಲ್ಲುತ್ತಾನೆ. ಮೊದಲು ಇದು ಬೇರೆಯವರಿಗೆ ಸರಿಬರಲಿಲ್ಲ, ಜಂಬ ಅಂದರು. ಯಜಮಾನರು ಎಲ್ಲರನ್ನೂ ಕೂರಿಸಿ ‘ಅವನಿಗೆ ಆ ಹತ್ತು ನಿಮಿಷ ಸುಮ್ನೆ ಇರಬೇಕು, ಬಿಟ್ಟುಬಿಡಿ’ ಅಂದರಂತೆ. ಅದಕ್ಕೂ ಮೊದಲು ತಮ್ಮನನ್ನೇ ಕರೆದು ‘ಹೇಳಲಾ?’ ಅಂತ ಕೇಳಿದ್ದರಂತೆ. ಈ ಕೇಳಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವನ ವಿಷಯವನ್ನು ಅವನನ್ನು ಕೇಳದೆ ಊರಿಗೆಲ್ಲ ಹೇಳುವವರೇ ಜಾಸ್ತಿ, ಅದರಲ್ಲಿ ನಾವು ಮನೆಯವರೂ ಸೇರುತ್ತೇವೆ.

ಇನ್ನೊಂದು ವಿಷಯ. ಆ ವರ್ಕ್‌ಶಾಪಿಗೆ ಈಗ ಬಿಹಾರ, ಒಡಿಶಾ ಕಡೆಯ ಇಬ್ಬರು ಹುಡುಗರು ಬಂದಿದ್ದಾರೆ, ಕನ್ನಡ ಬರುವುದಿಲ್ಲ. ಹಲಗೆಯ ಮೇಲಿನ ಲೆಕ್ಕ, ಕೆಂಪು ಗೆರೆ, ಚಿತ್ರ ನೋಡಿ ಅವರೂ ಕೆಲಸ ಬೇಗ ಕಲಿತರು. ಮೇಸ್ತ್ರಿಯೇ ಈಗ ಹೊಸ ಜಾಬ್ ಬಂದರೆ ಮೊದಲು ಹಲಗೆಯ ಮೇಲೆ ಬರೆಯುತ್ತಾರಂತೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆಟಿಸಂ ಇರುವವರೆಲ್ಲ ಲೆಕ್ಕದಲ್ಲಿ, ಕಂಪ್ಯೂಟರಿನಲ್ಲಿ ಮಹಾ ಪ್ರತಿಭಾವಂತರು, ಅದಕ್ಕೇ ಅವರಿಗೆ ಕೆಲಸ ಕೊಡಿ ಎಂಬ ಮಾತು ಈಗ ಕೆಲವು ಕಡೆ ಕೇಳಿಬರುತ್ತಿದೆ. ನನಗೆ ಇದು ಇಷ್ಟವಾಗುವುದಿಲ್ಲ. ನನ್ನ ತಮ್ಮ ಒಳ್ಳೆಯ ಟರ್ನರ್, ಅಷ್ಟೇ. ಅವನ ಕೈಯಲ್ಲೂ ಪೀಸು ಹಾಳಾಗುತ್ತದೆ, ಅವನಿಗೂ ಬೇಜಾರಾಗುತ್ತದೆ, ಅವನೂ ರಜೆ ಹಾಕುತ್ತಾನೆ. ಮಿಕ್ಕ 13 ಜನ ಪ್ರತಿಭಾವಂತರಾಗಿರಬೇಕು ಅಂತ ಯಾರೂ ಕೇಳುವುದಿಲ್ಲ, ಇವನನ್ನು ಮಾತ್ರ ಯಾಕೆ ಕೇಳಬೇಕು? ಹಾಗೇ ‘ಪಾಪ’ ಅಂತ ಕೆಲಸ ಕೊಟ್ಟು ಸಂಬಳದಲ್ಲಿ ಎರಡು ಮೂರು ಸಾವಿರ ಹಿಡಿಯುವುದು ಇದೆ, ಅದು ಇನ್ನೂ ಕೆಟ್ಟದ್ದು. ಪಾಪ ಬೇಡ. ಒಂದೇ ಕೆಲಸಕ್ಕೆ ಒಂದೇ ಸಂಬಳ ಸಾಕು.

ನಮ್ಮ ಕಾರ್ಖಾನೆಯಲ್ಲಿ ಒಬ್ಬರು ಅಣ್ಣ ಇದ್ದಾರೆ, ಹನ್ನೆರಡು ವರ್ಷದ ಸರ್ವಿಸ್. ಜಾಬ್ ಕಾರ್ಡ್ ಬರೆಯುವುದು ಅಂದರೆ ಅವರಿಗೆ ಜ್ವರ ಬಂದಹಾಗೆ. 6 ಹೋಗಿ 9 ಆಗುತ್ತದೆ, 12 ಹೋಗಿ 21 ಆಗುತ್ತದೆ. ಓದಿನಲ್ಲಿ ಹಿಂದೆ, ಶಾಲೆ ಬಿಟ್ಟವರು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವರ ಮಗಳಿಗೆ ಶಾಲೆಯಲ್ಲಿ ಡಿಸ್ಲೆಕ್ಸಿಯಾ ಅಂತ ಗೊತ್ತಾದ ಮೇಲೆ ‘ನನಗೂ ಚಿಕ್ಕಂದಿನಿಂದ ಇದೇ ಥರ ಕಣಮ್ಮ’ ಅಂದರು. ಈಗ ಅವರಿಗೆ ಅಂಕಿ ನೇರವಾಗಿ ತೋರಿಸುವ ಡಿಜಿಟಲ್ ವರ್ನಿಯರ್ ಕೊಟ್ಟಿದ್ದೇವೆ, ಅವರು ಬಾಯಲ್ಲಿ ಹೇಳುತ್ತಾರೆ, ಪಕ್ಕದವರು ಕಾರ್ಡಿಗೆ ಬರೆದು ಮತ್ತೆ ಓದಿ ಹೇಳುತ್ತಾರೆ. ತಪ್ಪು ಕಡಿಮೆಯಾಗಿದೆ. ಈ ಸಣ್ಣ ಏರ್ಪಾಡು ಮಾಡಲು ಹನ್ನೆರಡು ವರ್ಷ ಬೇಕಾಯಿತು.

ಇದೆಲ್ಲ ಯಜಮಾನರ ಒಳ್ಳೆಯತನಕ್ಕೆ ಬಿಟ್ಟ ವಿಷಯ ಅಂತ ಅಂದುಕೊಳ್ಳಬೇಡಿ, ಕಾನೂನು ಇದೆ. 1995ರ ಹಳೆಯ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇತ್ತು, ಆಟಿಸಂ ಇರಲಿಲ್ಲ, ಡಿಸ್ಲೆಕ್ಸಿಯಾ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು, ಎರಡೂ ಸೇರಿದವು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರ್ಕಾರಿ ಸಂಸ್ಥೆಗಳ ಹುದ್ದೆಗಳಲ್ಲಿ ಕನಿಷ್ಠ 4% ಮೀಸಲಾತಿ, ಅದರಲ್ಲಿ 1% ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ ಇರುವವರಿಗೆ ಮತ್ತು ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಎಲ್ಲರಿಗೂ ಸೇರಿ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ ನಮ್ಮ ಜಿಲ್ಲೆಯವರೆಲ್ಲ ಖುಷಿಪಟ್ಟೆವು. ಅಂಥ ಸಾರ್ವಜನಿಕ ಉದ್ದಿಮೆಗಳಿಗೂ ಈ 4% ಅನ್ವಯವಾಗುತ್ತದೆ ಅಂತ ನಮ್ಮ ಐಟಿಐ ಹುಡುಗರ ತಂದೆತಾಯಿಗಳಿಗೆ ಗೊತ್ತಿರಬೇಕು.

ಖಾಸಗಿಯವರಿಗೂ ಕೆಲಸ ಹಚ್ಚಿದೆ ಆ ಕಾಯ್ದೆ. ಸಮಾನ ಅವಕಾಶ ನೀತಿ ಅಂತ ಒಂದನ್ನು ಪ್ರತಿ ಸಂಸ್ಥೆಯೂ ಬರೆಯಬೇಕು. 20 ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಗಳು ಯಾವ ಕೆಲಸ ಇಂಥವರಿಗೆ ಸೂಕ್ತ, ಆಯ್ಕೆ ಹೇಗೆ, ಏನು ಸೌಲಭ್ಯ, ನೋಡಿಕೊಳ್ಳುವ ಅಧಿಕಾರಿ ಯಾರು ಅಂತೆಲ್ಲ ಅದರಲ್ಲಿ ಹೇಳಬೇಕು. ವೆಬ್‌ಸೈಟ್‌ನಲ್ಲಿ ಹಾಕಬೇಕು, ಇಲ್ಲದಿದ್ದರೆ ಸಂಸ್ಥೆಯಲ್ಲೇ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು. ನೀತಿಯ ಪ್ರತಿಯನ್ನು ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು. ಇದು ಗೊತ್ತಾದ ಮೇಲೆ ನಾನು ನಾವಿರುವ ಕಡೆ ಹುಡುಕಿ ನೋಡಿದೆ. ಗೇಟಿನ ಹತ್ತಿರ ಕನಿಷ್ಠ ವೇತನದ ಬೋರ್ಡ್ ಇದೆ, ಸುರಕ್ಷತೆಯ ಬೋರ್ಡ್ ಇದೆ, ಕ್ಯಾಂಟೀನಿನ ಊಟದ ಪಟ್ಟಿ ಇದೆ. ಇದೊಂದು ಇರಲಿಲ್ಲ. ಪರಿಚಯದವರನ್ನು ಕೇಳಿದೆ, ಅವರ ಕಾರ್ಖಾನೆಗಳಲ್ಲೂ ನೋಡಿಲ್ಲ ಅಂದರು. ನನ್ನ ತಮ್ಮನ ವರ್ಕ್‌ಶಾಪಿನಲ್ಲಿ ಇರುವುದು 14 ಜನ, ಈ 20ರ ಲೆಕ್ಕಕ್ಕೇ ಅವರು ಬರುವುದಿಲ್ಲ. ಆದರೂ ಅಲ್ಲಿ ಆದದ್ದು ನೂರಾರು ಜನ ಇರುವ ಕಡೆ ಆಗಿಲ್ಲ.

ಆ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ. ಸಂಸ್ಥೆಗೆ ಹೊರಲಾಗದ ಭಾರ ಆಗದಂತೆ, ಆ ವ್ಯಕ್ತಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅಂತ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಒಬ್ಬರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡಲು ಒಪ್ಪಿರಲಿಲ್ಲ, ಅವರು ಕೋರ್ಟಿಗೆ ಹೋಗಿದ್ದರು. 40% ವೈಕಲ್ಯ ಇದ್ದರೆ ಮಾತ್ರ ಸಹಾಯಕ ಅನ್ನುವುದು ಸರಿಯಲ್ಲ, ಬೇಕಾದ ಹೊಂದಾಣಿಕೆ ಮಾಡಿಕೊಡುವುದು ಸಮಾನತೆಯ ಭಾಗ ಅಂತ ಕೋರ್ಟ್ ಹೇಳಿತು. ಕೆಂಪು ಗೆರೆ, ಹಲಗೆ, ಇಯರ್ ಮಫ್ ಇವೆಲ್ಲ ಅದೇ ಹೊಂದಾಣಿಕೆ, ಇದರಲ್ಲಿ ಯಾವುದು ಹೊರಲಾಗದ ಭಾರ ಅಂತ ಯಾವ ಮ್ಯಾನೇಜರಾದರೂ ನನಗೆ ಹೇಳಲಿ.

ಆದರೆ ಮೀಸಲಾತಿ ಬೇಕು ಅಂದರೆ 40% ವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕೇ ಬೇಕು. ಎಡಿಎಚ್‌ಡಿ ಆ 21ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪ್ರಮಾಣಪತ್ರ ಮಾಡಿಸಬಹುದಾದವರೂ ಎಷ್ಟೋ ಮನೆಗಳಲ್ಲಿ ಮಾಡಿಸುವುದಿಲ್ಲ, ಯಾಕೆ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲೂ ಒಂದು ವರ್ಷ ಮಾಡಿಸಲಿಲ್ಲ. ಅಕ್ಕನ ಮದುವೆ ಆಗಲಿ, ಆಮೇಲೆ ನೋಡೋಣ ಅಂತ. ನನಗೆ ಬಂದಿದ್ದ ಒಂದು ಸಂಬಂಧ ತಮ್ಮನ ವಿಷಯ ಕೇಳಿ ಮುರಿದೂ ಹೋಯಿತು. ‘ನಿಮ್ಮ ಮಕ್ಕಳಿಗೂ ಬಂದ್ರೆ?’ ಅಂತ ಅವರ ಕಡೆಯ ಹಿರಿಯರು ಅಪ್ಪನನ್ನು ಮುಖಕ್ಕೇ ಕೇಳಿದರು. ಮುರಿದದ್ದಕ್ಕೆ ನನಗೆ ಬೇಸರವಿಲ್ಲ. ತಮ್ಮ ಆ ಮಾತನ್ನು ಒಳಗಿನ ಕೋಣೆಯಿಂದ ಕೇಳಿಸಿಕೊಂಡ, ಅದಕ್ಕೆ ಬೇಸರವಿದೆ. ಕೆಲಸದ ಜಾಗದಲ್ಲಿ ಇವನು ಹೀಗೆ ಅಂತ ಧೈರ್ಯವಾಗಿ ಹೇಳಿಕೊಳ್ಳಿ ಅಂತ ಸಲಹೆ ಕೊಡುವವರು ಈ ಮನೆಗಳ ಒಳಗಿನ ಭಯವನ್ನೂ ತಿಳಿದುಕೊಳ್ಳಬೇಕು. ಹುಡುಗಿಯರ ಮನೆಯಲ್ಲಂತೂ ಇದು ಇನ್ನೂ ಜಾಸ್ತಿ. ಸುಮ್ಮನಿರುವ ಹುಡುಗಿಯನ್ನು ನಾಚಿಕೆ ಸ್ವಭಾವ, ಒಳ್ಳೆ ಹುಡುಗಿ ಅಂತ ಬಿಟ್ಟುಬಿಡುತ್ತಾರೆ, ಡಾಕ್ಟರ್ ಹತ್ತಿರ ಕರೆದುಕೊಂಡೇ ಹೋಗುವುದಿಲ್ಲ.

ಅದಕ್ಕೇ ಪ್ರಮಾಣಪತ್ರ ಇದೆಯೋ ಇಲ್ಲವೋ ನೋಡದೆ ಮಾಡಬಹುದಾದ ಕೆಲಸ ಮೊದಲು ಆಗಲಿ ಅನ್ನುತ್ತೇನೆ. ಜಿಲ್ಲೆಯಲ್ಲಿ ಮುಂದಿನ ಉದ್ಯೋಗ ಮೇಳ ಮಾಡುವವರಲ್ಲಿ ನನ್ನ ಮನವಿ, ಮೈಕಿನಿಂದ ದೂರ ಒಂದು ಶಾಂತವಾದ ಕೋಣೆ ಇಡಿ, ಅಲ್ಲಿ ಮಾತಿನ ಬದಲು ಕೆಲಸ ಮಾಡಿಸಿ ನೋಡುವ ಏರ್ಪಾಡು ಮಾಡಿ, ಪ್ರಶ್ನೆ ಕೇಳಲೇಬೇಕಿದ್ದರೆ ಮೊದಲೇ ಬರೆದು ಕೈಗೆ ಕೊಡಿ. ಯಾರು ಬೇಕಾದರೂ ಆ ಕೋಣೆಗೆ ಹೋಗಬಹುದು ಅಂತಿರಲಿ, ಕಾರಣ ಕೇಳಬೇಡಿ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಕಾರ್ಖಾನೆಗಳ ಮಾಲೀಕರನ್ನು ಸಭೆಗೆ ಕರೆದಾಗ ವಿಕಲಚೇತನರ ಇಲಾಖೆಯ ಅಧಿಕಾರಿಯನ್ನೂ ಕರೆಯಲಿ, ಆ 20 ಜನರ ನಿಯಮವನ್ನು ಕನ್ನಡದಲ್ಲಿ ಓದಿ ಹೇಳಲಿ, ಯಾರು ನೀತಿ ನೋಂದಾಯಿಸಿದ್ದಾರೆ ಅಂತ ಪಟ್ಟಿ ತರಿಸಲಿ. ನಿಮ್ಮ ಪತ್ರಿಕೆಯವರು ಆ ಪಟ್ಟಿಯನ್ನು ಕೇಳಿ ಪಡೆದು ಪ್ರಕಟಿಸಿದರೆ ನನ್ನಂಥವರು ಒಬ್ಬೊಬ್ಬರೇ ಗೇಟು ಗೇಟು ಹುಡುಕುವುದು ತಪ್ಪುತ್ತದೆ. ಐಟಿಐ ಬೋಧಕರೇ, ನಿಮ್ಮ ಕ್ಲಾಸಿನಲ್ಲಿ ಇಂಥ ಹುಡುಗರು ಇದ್ದೇ ಇರುತ್ತಾರೆ. ಕಂಪನಿಯವರು ಕ್ಯಾಂಪಸ್ಸಿಗೆ ಬಂದಾಗ ‘ಇವನಿಗೆ ಒಂದೊಂದೇ ಹೇಳಿ, ಮಾಡ್ತಾನೆ’ ಅಂತ ಒಂದು ಮಾತು ಹೇಳಿ.

ಇನ್ನು ಸೂಪರ್‌ವೈಸರ್‌ಗಳು, ಮೇಸ್ತ್ರಿಗಳು, ನನ್ನ ಥರ ಲೈನ್ ನೋಡಿಕೊಂಡವರು. ನಮ್ಮ ಕೈಯಲ್ಲಿ ಜಾಸ್ತಿ ಇದೆ. ಒಬ್ಬರು ಕೆಲಸ ಮಾಡಲಾಗದೆ ಒದ್ದಾಡುತ್ತಿದ್ದರೆ ‘ಹೊಂದಿಕೊಳ್ಳುವುದಿಲ್ಲ’ ಅಂತ ಬರೆಯುವ ಮೊದಲು ಏನು ಕಷ್ಟ ಆಗ್ತಿದೆ ಅಂತ ಕೇಳೋಣ. ಹೇಳಿದರೆ ನಂಬೋಣ.

ಈ ವರ್ಷ ಯುಗಾದಿ ಆದಮೇಲೆ ನಮ್ಮ ಪ್ಯಾಕಿಂಗ್ ಲೈನಿನ ಬಜರ್ ಬದಲಾಗಿದೆ. ಶಬ್ದ ಅರ್ಧಕ್ಕಿಂತ ಕಡಿಮೆ ಮಾಡಿದ್ದೇವೆ, ಜೊತೆಗೆ ಒಂದು ಹಳದಿ ದೀಪ ಹಾಕಿಸಿದ್ದೇವೆ, ಬಿಡುವಿನ ಹೊತ್ತಿಗೆ ಎರಡು ನಿಮಿಷ ಮೊದಲೇ ಹತ್ತಿಕೊಳ್ಳುತ್ತದೆ. ಮ್ಯಾನೇಜರ್ ಹತ್ತಿರ ನಾಲ್ಕು ಸಲ ಹೋಗಿ ಕೇಳಬೇಕಾಯಿತು, ಐದನೇ ಸಲ ಒಪ್ಪಿದರು. ಕೊರಟಗೆರೆ ಕಡೆಯ ಆ ಹುಡುಗಿ, ಏಳು ವರ್ಷದ ಹಿಂದೆ 20 ದಿನ ನನ್ನ ಲೈನಿನಲ್ಲಿ ಇದ್ದವಳು, ನಿಮ್ಮ ಪತ್ರಿಕೆ ಅವಳ ಊರಿಗೂ ಹೋಗುತ್ತದೆ. ಇದನ್ನು ಅವಳು ಓದಿದರೆ, ಇಲ್ಲಾ ಅವಳ ಮನೆಯವರು ಓದಿದರೆ, ದಯವಿಟ್ಟು ಒಂದು ಸಲ ಬರಲಿ. ಗೇಟಿನಲ್ಲಿ ಕ್ವಾಲಿಟಿ ವಿಭಾಗದ ಅಕ್ಕನನ್ನು ಕರೀರಿ ಅಂದರೆ ಸಾಕು, ನಾನೇ ಬಂದು ಒಳಗೆ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಒಬ್ಬ ಓದುಗಳು
ಶಿರಾ ಗೇಟ್, ತುಮಕೂರು